ಹೆಸರು ಬದಲಿಸಿದರೆ ಮುಗೀತಾ?

ಫ್ರಾನ್ಸಿನ ಕಲಾವಿದೆ ಸೋಫಿ ಕಾಲ್ ಅವರ ಒಂದು ಪುಸ್ತಕ ಶುರುವಾಗುವುದೇ ಬೇರೆಯವರ ಕಾದಂಬರಿಯ ಅಚ್ಚಾದ ಪುಟಗಳಿಂದ. ಆ ಪುಟಗಳ ತುಂಬ ಕಾಲ್ ಕೆಂಪು ಪೆನ್ನಿನಲ್ಲಿ ಕೈಯಾರೆ ತಿದ್ದಿದ್ದಾರೆ. ಕಾದಂಬರಿ ಅಮೆರಿಕದ ಪಾಲ್ ಆಸ್ಟರ್ 1992ರಲ್ಲಿ ಬರೆದ 'ಲೆವಯಾಥನ್'. ಅದರಲ್ಲಿ ಮರಿಯಾ ಟರ್ನರ್ ಅನ್ನೋ ಕಲಾವಿದೆ ಬರುತ್ತಾಳೆ. ಗುರುತೇ ಇಲ್ಲದವರ ಹಿಂದೆ ಬೀದಿ ಬೀದಿ ನಡೆದು ಅವರ ಫೋಟೋ ತೆಗೆಯುತ್ತಾಳೆ. ದಾರಿಯಲ್ಲಿ ಸಿಕ್ಕಿದ ವಿಳಾಸದ ಪುಸ್ತಕ ಹಿಡಿದು, ಅದರಲ್ಲಿ ಹೆಸರಿರುವವರ ಮೂಲಕ ಅದರ ಒಡೆಯನನ್ನು ಅರಿಯಲು ಹೊರಡುತ್ತಾಳೆ. ಇವೆಲ್ಲ ಕಾಲ್ ನಿಜಕ್ಕೂ ಮಾಡಿದ ಕೆಲಸಗಳು. ಇವುಗಳ ನಡುವೆ ಆಸ್ಟರ್ ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿದರು. ಮರಿಯಾ ಕೆಲವು ವಾರ ಒಂದೊಂದು ದಿನ ಒಂದೊಂದೇ ಬಣ್ಣದ ಊಟ ಮಾಡುತ್ತಾಳೆ ಅನ್ನೋದು ಅಂಥ ಒಂದು ಕಲ್ಪನೆ.

ಯಾವುದು ತನ್ನದು, ಯಾವುದು ಆಸ್ಟರ್ ಹುಟ್ಟಿಸಿದ್ದು ಎಂದು ಕಾಲ್ ಕೆಂಪು ಪೆನ್ನಿನಲ್ಲಿ ಬಿಡಿಸಿ ತೋರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1997ರ ಡಿಸೆಂಬರಿನಲ್ಲಿ ಒಂದು ವಾರ ಆ ಕಲ್ಪನೆಯ ಊಟವನ್ನು ತಾವೇ ಉಂಡರು. ಸೋಮವಾರ ಕಿತ್ತಳೆ ಬಣ್ಣ, ಮಂಗಳವಾರ ಕೆಂಪು, ಬುಧವಾರ ಬಿಳಿ, ಗುರುವಾರ ಹಸಿರು. ಪ್ರತಿ ತಟ್ಟೆಯ ಫೋಟೋ ತೆಗೆದು ಅದನ್ನೂ ಒಂದು ಕೃತಿ ಮಾಡಿದರು. ಕಾದಂಬರಿಕಾರ ಅವರ ಬದುಕಿನಿಂದ ತೆಗೆದುಕೊಂಡ, ಅವರು ಕಾದಂಬರಿಯಿಂದ ವಾಪಸ್ ತೆಗೆದುಕೊಂಡರು.

ಬದುಕಿರುವ ಕಲಾವಿದರನ್ನು ಪಾತ್ರ ಮಾಡುವ ವಿಚಾರ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಕೆಂಪು ಪೆನ್ನು. ಯಾಕೆಂದರೆ ಇಷ್ಟು ಚೆನ್ನಾಗಿ ನಡೆದ ಪ್ರಸಂಗ ಬಹಳ ಅಪರೂಪ. ಆಸ್ಟರ್ ಮೊದಲೇ ಒಪ್ಪಿಗೆ ಪಡೆದಿದ್ದರು. ನಿಜವನ್ನೂ ಕಲ್ಪನೆಯನ್ನೂ ಬೆರೆಸಲು ಬಿಟ್ಟದ್ದಕ್ಕೆ ಕಾಲ್ ಅವರ ಹೆಸರು ಹೇಳಿ, ಕಾದಂಬರಿಯ ಹಕ್ಕುಸ್ವಾಮ್ಯದ ಪುಟದಲ್ಲೇ ಧನ್ಯವಾದ ಅಚ್ಚು ಹಾಕಿಸಿದ್ದರು. ಕಾಲ್ ಅವರಿಗೆ ಉತ್ತರ ಕೊಡುವ ಶಕ್ತಿಯೂ ಇತ್ತು, ಆ ಉತ್ತರ ನೋಡಲು ಜನರೂ ಇದ್ದರು. ಉಳಿದ ಬಹಳಷ್ಟು ಪ್ರಸಂಗಗಳಲ್ಲಿ ಒಪ್ಪಿಗೆ ಇರಲ್ಲ, ಅಥವಾ ಉತ್ತರ ಇರಲ್ಲ. ಎಷ್ಟೋ ಸಲ ಎರಡೂ ಇರಲ್ಲ.

ಈ ವಿಷಯದ ಚರ್ಚೆ ಯಾವಾಗಲೂ ಮಾನಹಾನಿ, ಖಾಸಗಿತನ, ಬರೆಯುವ ಸ್ವಾತಂತ್ರ್ಯ ಅಂತ ಸುತ್ತುತ್ತದೆ. ಅವೆಲ್ಲ ಬೇಕು, ಅದಕ್ಕೂ ಬರುತ್ತೇನೆ. ಆದರೆ ಕಲಾವಿದರಿಗೆ ಆಗುವ ದೊಡ್ಡ ನಷ್ಟ ಬೇರೆಯೇ ಇದೆ ಅನ್ನೋದು ನನ್ನ ಅಭಿಪ್ರಾಯ. ಒಬ್ಬ ವ್ಯಾಪಾರಿಯ ಬಗ್ಗೆ ಕಟ್ಟುಕಥೆ ಬರೆದರೆ ಅವನ ಹೆಸರು ಕೆಡಬಹುದು, ಅವನ ಅಂಗಡಿಯ ತಕ್ಕಡಿ ಬದಲಾಗಲ್ಲ. ಕಲಾವಿದರ ಬಗ್ಗೆ ಬರೆದರೆ ಅವರ ಕೃತಿಯನ್ನು ನೋಡುವ ನಮ್ಮ ಕಣ್ಣೇ ಬದಲಾಗಿಬಿಡುತ್ತದೆ. ಕಾದಂಬರಿ ಅಂದಮೇಲೆ ಅದಕ್ಕೆ ಕಾರಣ ಬೇಕು. ಇವರು ಈ ಚಿತ್ರ ಯಾಕೆ ಬರೆದರು, ಈ ರಾಗ ಯಾಕೆ ಹಾಡಿದರು, ಹತ್ತು ವರ್ಷ ಯಾಕೆ ಸುಮ್ಮನಾದರು? ನಿಜ ಬದುಕಿನಲ್ಲಿ ಇಂಥ ಪ್ರಶ್ನೆಗಳಿಗೆ ಎಷ್ಟೋ ಸಲ ಕಲಾವಿದರ ಹತ್ತಿರವೇ ಉತ್ತರ ಇರಲ್ಲ. ಕಾದಂಬರಿ ಮಾತ್ರ ಉತ್ತರ ಕೊಟ್ಟೇ ತೀರುತ್ತದೆ. ಒಂದು ಸಲ ಕೊಟ್ಟ ಮೇಲೆ ಅದು ಕೃತಿಗೆ ಅಂಟಿಕೊಳ್ಳುತ್ತದೆ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಜರ್ಮನಿಯ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಅವರ ವಿಚಾರದಲ್ಲಿ. ಇಲ್ಲಿ ಆದದ್ದು ಸಿನಿಮಾ, ಕಾದಂಬರಿ ಅಲ್ಲ. ಆದರೂ ಸಮಸ್ಯೆ ಅದೇ.

ರಿಕ್ಟರ್ 1932ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು. 1965ರಲ್ಲಿ ಅವರು ಮನೆಯ ಒಂದು ಹಳೆ ಫೋಟೋ ನೋಡಿಕೊಂಡು ಒಂದು ಚಿತ್ರ ಬರೆದರು. ಬೂದು ಬಣ್ಣ, ಮಸುಕು ಮಸುಕು. ಮುಂದೆ ದಿಂಬಿನ ಮೇಲೆ ಒಂದು ಕೂಸು, ಹಿಂದೆ ನಗುತ್ತಿರುವ ಹದಿಹರೆಯದ ಹುಡುಗಿ. ಕೂಸು ರಿಕ್ಟರ್ ಅವರೇ, ಹುಡುಗಿ ಅವರ ತಾಯಿಯ ತಂಗಿ ಮರಿಯಾನೆ. ಮುಂದೆ ಮರಿಯಾನೆಗೆ ಮಾನಸಿಕ ಕಾಯಿಲೆ ಇದೆ ಎಂದು ನಾಜಿ ಆಡಳಿತ ಆಕೆಗೆ ಸಂತಾನಹರಣ ಮಾಡಿಸಿತು, 1945ರಲ್ಲಿ ಆಸ್ಪತ್ರೆಯೊಂದರಲ್ಲಿ ಕೊಂದಿತು. ರಿಕ್ಟರ್ ಅವರ ಮೊದಲ ಹೆಂಡತಿಯ ತಂದೆ ಡ್ರೆಸ್ಡೆನ್‌ನ ಹೆಸರಾಂತ ಸ್ತ್ರೀರೋಗ ವೈದ್ಯ, ನಾಜಿಗಳ ಎಸ್‌ಎಸ್ ಪಡೆಯ ಸದಸ್ಯ, ಅದೇ ಸಂತಾನಹರಣ ಕಾರ್ಯಕ್ರಮದಲ್ಲಿ ಕೈಜೋಡಿಸಿದವರು. ಈ ಎರಡು ಎಳೆ ಒಂದೇ ಮನೆಯಲ್ಲಿ ಕೂಡಿದ್ದವು ಅನ್ನೋದನ್ನು ಪತ್ರಕರ್ತರೊಬ್ಬರು ಹೊರತೆಗೆದದ್ದು ದಶಕಗಳ ಮೇಲೆ, 2000ದ ನಂತರ. ಅಲ್ಲಿಯವರೆಗೆ ಯಾರಾದರೂ ಕೇಳಿದರೆ, ಫೋಟೋಗಳನ್ನು ಸುಮ್ನೆ ಕೈಗೆ ಸಿಕ್ಕಂತೆ ಆರಿಸುತ್ತೇನೆ ಅನ್ನುವ ಧಾಟಿಯಲ್ಲೇ ರಿಕ್ಟರ್ ಮಾತಾಡುತ್ತಿದ್ದರು.

2018ರಲ್ಲಿ ಫ್ಲೋರಿಯನ್ ಹೆಂಕೆಲ್ ಫಾನ್ ಡೋನರ್ಸ್‌ಮಾರ್ಕ್ ಇದನ್ನು ಸಿನಿಮಾ ಮಾಡಿದರು. ಮೊದಲು ರಿಕ್ಟರ್ ಜೊತೆ ದಿನಗಟ್ಟಲೆ ಕೂತು ಮಾತಾಡಿದರು. ಚಿತ್ರದ ನಾಯಕನಿಗೆ ಕುರ್ಟ್ ಬಾರ್ನೆರ್ಟ್ ಎಂದು ಹೆಸರಿಟ್ಟರು. ಯಾವುದು ನಿಜ, ಯಾವುದು ಕಲ್ಪನೆ ಎಂದು ಹೊರಗೆ ಹೇಳಬಾರದು ಅನ್ನೋ ಒಪ್ಪಂದ ತಮ್ಮಿಬ್ಬರ ನಡುವೆ ಇತ್ತು ಎಂದು ನಿರ್ದೇಶಕರು ಹೇಳಿದ್ದಾರೆ. ಸಿನಿಮಾ ಬಂದ ಮೇಲೆ ರಿಕ್ಟರ್, ಇದು ನನ್ನ ಬದುಕನ್ನು ಕೆಟ್ಟದಾಗಿ ಬಳಸಿಕೊಂಡು ತಿರುಚಿದೆ ಎಂದು ಬರೆದು ತಿಳಿಸಿದರು.

ತಿರುಚಿದ್ದು ಅಂದರೇನು? ಸಿನಿಮಾದಲ್ಲಿ ಆ ವೈದ್ಯನನ್ನೂ ಚಿಕ್ಕಮ್ಮನನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸಿದ್ದಾರೆ. ಆಕೆ ಬೇಡಿಕೊಳ್ಳುತ್ತಾಳೆ, ಆತ ಆಕೆಯ ಹಣೆಬರಹ ಬರೆಯುತ್ತಾನೆ. ಮುಂದೆ ಅದೇ ವೈದ್ಯನ ಮಗಳನ್ನು ನಾಯಕ ಮದುವೆಯಾಗುತ್ತಾನೆ. ಕೊನೆಗೆ ಅವನ ಕುಂಚವೇ, ಅವನಿಗೂ ತಿಳಿಯದಂತೆ, ಸತ್ಯವನ್ನು ಕ್ಯಾನ್ವಾಸಿನ ಮೇಲೆ ತರುತ್ತದೆ. ಕಥೆಯಾಗಿ ಬಿಗಿಯಾಗಿದೆ. ಆದರೆ ಸಿನಿಮಾ ನೋಡಿದ ಮೇಲೆ ನಾನು ಆ 1965ರ ಚಿತ್ರದ ಪ್ರತಿಯನ್ನು ಮತ್ತೆ ತೆಗೆದು ನೋಡಿದೆ. ಆ ಹುಡುಗಿಯ ಮುಖದ ಜಾಗದಲ್ಲಿ ನಟಿಯ ಮುಖ ಬಂತು. ಆ ಕೋಣೆ, ಆ ಕೂಗು ಬಂತು. ಆ ಮಸುಕಿನಲ್ಲಿ ಏನೂ ಹೇಳದೆ ಉಳಿದಿದ್ದ ಒಂದು ಜಾಗ ಇತ್ತಲ್ಲ, ಅದು ತುಂಬಿಹೋಗಿತ್ತು. ಎಷ್ಟು ಹೊತ್ತು ನೋಡಿದರೂ ಅದನ್ನು ಖಾಲಿ ಮಾಡಲು ನನ್ನಿಂದ ಆಗಲಿಲ್ಲ. ಐವತ್ತು ವರ್ಷ ಒಬ್ಬ ಚಿತ್ರಕಾರ ಬೇಕೆಂದೇ ಮಾತಿಲ್ಲದೆ ಬಿಟ್ಟದ್ದನ್ನು ಬೇರೆಯವರು ಬಂದು ಮಾತಾಡಿ ಮುಗಿಸಿಬಿಟ್ಟರು. ಇದಕ್ಕೆ ಯಾವ ಕೋರ್ಟಿನಲ್ಲಿ ಪರಿಹಾರ ಕೇಳುವುದು?

ಇದು ಹೊಸ ಕಾಯಿಲೆಯೇನಲ್ಲ. ಫ್ರಾನ್ಸಿನ ಕಾದಂಬರಿಕಾರ ಎಮಿಲ್ ಜೋಲಾ ಮತ್ತು ಚಿತ್ರಕಾರ ಪಾಲ್ ಸೆಜಾನ್ ಒಂದೇ ಶಾಲೆಯಲ್ಲಿ ಓದಿದ ಬಾಲ್ಯದ ಗೆಳೆಯರು. 1886ರಲ್ಲಿ ಜೋಲಾ ಒಬ್ಬ ಚಿತ್ರಕಾರನ ಮೇಲೆ ಕಾದಂಬರಿ ತಂದರು. ನಾಯಕ ಕ್ಲೋದ್ ಲಾಂತಿಯೆ, ಅಂದುಕೊಂಡದ್ದನ್ನು ಕ್ಯಾನ್ವಾಸಿಗೆ ಇಳಿಸಲಾಗದೆ, ಮುಗಿಯದ ಚಿತ್ರದ ಎದುರೇ ನೇಣು ಹಾಕಿಕೊಳ್ಳುತ್ತಾನೆ. ಈ ಪಾತ್ರದಲ್ಲಿ ಚಿತ್ರಕಾರ ಎದ್ವಾರ್ ಮಾನೆಯ ಅಂಶವೂ ಇದೆ, ಬೇರೆಯವರದೂ ಇದೆ. ಆದರೆ ಬಾಲ್ಯ, ಊರು, ಸ್ವಭಾವ ಎಲ್ಲ ಸೆಜಾನ್ ಅವರದೇ ಎಂದು ಗೊತ್ತಿದ್ದವರಿಗೆ ಕಂಡಿತು. ಆಗ ಸೆಜಾನ್‌ಗೆ 47 ವರ್ಷ. ಅವರೊಬ್ಬರದೇ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು ಇನ್ನೂ ಒಂಬತ್ತು ವರ್ಷಕ್ಕೆ, 1895ರಲ್ಲಿ. ಅಂದರೆ ಜನ ಅವರ ಚಿತ್ರಗಳನ್ನು ಒಟ್ಟಾಗಿ ಒಂದೆಡೆ ನೋಡುವ ಮೊದಲೇ 'ಸೋತ ಪ್ರತಿಭೆ' ಅನ್ನೋ ಕಥೆ ಪುಸ್ತಕದ ಅಂಗಡಿಯಲ್ಲಿತ್ತು. ನಮ್ಮ ವಿರೋಧಿಗಳು ಈ ಪುಸ್ತಕ ಹಿಡಿದುಕೊಂಡು ನಮ್ಮೆಲ್ಲರನ್ನೂ ಹೊಡೆಯುತ್ತಾರೆ ಎಂದು ಹೆದರಿ ಇನ್ನೊಬ್ಬ ಚಿತ್ರಕಾರ ಕ್ಲೋದ್ ಮೊನೆ ಆಗಲೇ ಜೋಲಾಗೆ ಪತ್ರ ಬರೆದಿದ್ದರು.

ಸೆಜಾನ್ ಅವರ ಪತ್ರ 1886ರ ಏಪ್ರಿಲ್ 4ರದು. ಪುಸ್ತಕ ಕಳಿಸಿದ್ದಕ್ಕೆ ಚುಟುಕಾಗಿ, ಸ್ವಲ್ಪ ದೂರದಿಂದಲೇ ಅನ್ನುವಂತೆ ಧನ್ಯವಾದ ಹೇಳಿದ್ದಾರೆ. ಅಲ್ಲಿಗೆ ಗೆಳೆತನ ಮುರಿಯಿತು ಎಂದು ನೂರು ವರ್ಷಕ್ಕೂ ಜಾಸ್ತಿ ಕಾಲ ಎಲ್ಲರೂ ಬರೆದರು, ನಾನೂ ಹಾಗೇ ನಂಬಿದ್ದೆ. ಆಮೇಲೆ 1887ರ ನವೆಂಬರಿನ ಒಂದು ಪತ್ರ ಸಿಕ್ಕಿತು. ಅದರಲ್ಲಿ ಸೆಜಾನ್ ಜೋಲಾ ಅವರ ಮುಂದಿನ ಕಾದಂಬರಿಗೆ ಧನ್ಯವಾದ ಹೇಳಿ, ನಿನ್ನನ್ನು ನೋಡಲು ಬರುತ್ತೇನೆ ಎಂದು ಬರೆದಿದ್ದಾರೆ. ಕಾದಂಬರಿಯಿಂದ ಗೆಳೆತನ ಒಡೆಯಿತು ಅನ್ನೋ ಕಥೆ ಎಷ್ಟು ಚೆನ್ನಾಗಿ ಕೂಡುತ್ತಿತ್ತು ಅಂದರೆ, ಅದನ್ನು ಅನುಮಾನಿಸಬೇಕು ಅಂತ ಬಹಳ ಜನಕ್ಕೆ ಅನ್ನಿಸಲೇ ಇಲ್ಲ. ಕಲಾವಿದರ ಬದುಕಿನ ಮೇಲೆ ಇಂಥ ಕಥೆ ಎಷ್ಟು ಸುಲಭವಾಗಿ ಕೂರುತ್ತದೆ ನೋಡಿ.

ಇನ್ನು ಕಾನೂನು. ಇಲ್ಲಿ ಕಾದಂಬರಿಕಾರರೂ ಅಡಕತ್ತರಿಯಲ್ಲಿ ಸಿಕ್ಕಿದ ಹಾಗೆ ಇರುತ್ತಾರೆ ಅನ್ನೋದನ್ನು ಒಪ್ಪಿಕೊಳ್ಳಬೇಕು. ನಿಜ ಬರೆದರೆ ಖಾಸಗಿ ಬದುಕು ಬಯಲಿಗೆ ಹಾಕಿದೆ ಅನ್ನುತ್ತಾರೆ. ಬದಲಿಸಿ ಬರೆದರೆ ಸುಳ್ಳು ಹೇಳಿದೆ ಅನ್ನುತ್ತಾರೆ.

ಕ್ಲೌಸ್ ಮಾನ್ ಅವರ 'ಮೆಫಿಸ್ಟೊ' ಇದಕ್ಕೆ ಒಳ್ಳೆ ಉದಾಹರಣೆ. 1936ರಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ದೇಶದ ಹೊರಗಿದ್ದಾಗ ಬರೆದ ಕಾದಂಬರಿ. ಅಧಿಕಾರಕ್ಕೆ ತಲೆಬಾಗಿ ಮೇಲೇರುವ ನಟನ ಕಥೆ. ಆ ನಟ ಆಗ ಬರ್ಲಿನ್ ರಂಗಭೂಮಿಯ ದೊಡ್ಡ ಹೆಸರಾದ ಗುಸ್ತಾಫ್ ಗ್ರುಂಡ್ಗೆನ್ಸ್ ಎಂದು ಓದಿದವರಿಗೆಲ್ಲ ಗೊತ್ತಾಯಿತು. ಇಲ್ಲಿರುವವರು ಮಾದರಿಗಳು, ಯಾರ ಭಾವಚಿತ್ರವೂ ಅಲ್ಲ ಎಂದು ಮಾನ್ ಪುಸ್ತಕದ ಕೊನೆಗೆ ಬರೆದಿದ್ದರು. ಗ್ರುಂಡ್ಗೆನ್ಸ್ 1963ರಲ್ಲಿ ತೀರಿಕೊಂಡ ಮೇಲೆ ಅವರ ದತ್ತುಮಗ ಕೋರ್ಟಿಗೆ ಹೋದರು. ಮಾನ್ ಹುಟ್ಟಿಸಿದ ಒಂದು ಪ್ರೇಮ ಪ್ರಸಂಗ ಕಾದಂಬರಿಯಲ್ಲಿದೆ. ನಿಜ ಬದುಕಿಗೂ ಅದಕ್ಕೂ ಸಂಬಂಧ ಇಲ್ಲ. ಅಂಥ ಕಲ್ಪನೆಗಳೇ ಮುಖ್ಯ ಆರೋಪವಾದವು. 1971ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಮೂರು ಮೂರಾಗಿ ಒಡೆದರು, ಸಮ ಸಮ ಆದ್ದರಿಂದ ಕೆಳಗಿನ ಕೋರ್ಟುಗಳು ಹಾಕಿದ್ದ ನಿಷೇಧ ಹಾಗೇ ಉಳಿಯಿತು. 1981ರಲ್ಲಿ ಪ್ರಕಾಶಕರು ಧೈರ್ಯ ಮಾಡಿ ಮತ್ತೆ ಅಚ್ಚು ಹಾಕಿದರು, ಯಾರೂ ತಡೆಯಲಿಲ್ಲ.

ಅದೇ ನ್ಯಾಯಾಲಯ 2007ರಲ್ಲಿ ಮ್ಯಾಕ್ಸಿಮ್ ಬಿಲ್ಲರ್ ಅವರ 'ಎಸ್ರಾ' ಕಾದಂಬರಿಯ ವಿಚಾರದಲ್ಲಿ ಒಂದು ಅಳತೆಗೋಲು ಕೊಟ್ಟಿತು. ಲೇಖಕರ ಹಳೆಯ ಗೆಳತಿಯೂ ಆಕೆಯ ತಾಯಿಯೂ ತಮ್ಮನ್ನು ಗುರುತಿಸಿಕೊಂಡು ದೂರು ಕೊಟ್ಟಿದ್ದರು. ಅಳತೆ ಹೀಗೆ: ಪಾತ್ರ ನಿಜ ವ್ಯಕ್ತಿಗೆ ಹತ್ತಿರವಾದಷ್ಟೂ ಪೆಟ್ಟು ಜೋರು. ಬರೆದದ್ದು ಒಳಗಿನ ಬದುಕಿಗೆ ಕೈಹಾಕಿದಷ್ಟೂ ಕಲ್ಪನೆಯ ಬದಲಾವಣೆ ಜಾಸ್ತಿ ಇರಬೇಕು. ಗೆಳತಿಯ ಹಾಸಿಗೆಯ ವಿವರ, ಮಗುವಿನ ಕಾಯಿಲೆ ಎಲ್ಲ ಬಂದಿದ್ದರಿಂದ ಆಕೆಯ ಪರ ನಿಷೇಧ ನಿಂತಿತು, ತಾಯಿಯ ದೂರು ನಿಲ್ಲಲಿಲ್ಲ. ಈ ಅಳತೆಗೋಲು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಯೋಚಿಸಲು ಹಿಡಿಕೆ ಕೊಡುತ್ತದೆ.

ಫ್ರಾನ್ಸಿನಲ್ಲಿ ಲೆಕ್ಕ ಬೇರೆ. 2013ರಲ್ಲಿ ಅಲ್ಲಿ ಬಂದ ಒಂದು ಕಾದಂಬರಿಯಲ್ಲಿ ನಟಿ ಸ್ಕಾರ್ಲೆಟ್ ಜೊಹಾನ್ಸನ್ ಅವರನ್ನೇ ಹೋಲುವ ಹುಡುಗಿ ಬರುತ್ತಾಳೆ. ನಡುವೆ ನಟಿಗೇ ಇಲ್ಲದ ಪ್ರೇಮ ಸಂಬಂಧಗಳನ್ನು ಕಟ್ಟಿದ್ದರು. ಆಕೆ 50,000 ಯೂರೋ ಕೇಳಿದರು. 2014ರಲ್ಲಿ ಕೋರ್ಟು ಖಾಸಗಿ ಬದುಕಿಗೆ ಧಕ್ಕೆ ಆಗಿದೆ ಎಂದು ಒಪ್ಪಿ 2,500 ಯೂರೋ ಪರಿಹಾರ ಕೊಟ್ಟಿತು, ಅನುವಾದ ನಿಲ್ಲಿಸಲು ಮಾತ್ರ ಒಪ್ಪಲಿಲ್ಲ. ಪೂರ್ತಿ ಪುಸ್ತಕ ಉಳಿಯಿತು, ತಪ್ಪು ಕೆಲವು ಸಾಲುಗಳದ್ದು ಅಂತಾಯಿತು. ನನಗೆ ಇದು ವಿವೇಕದ ತೀರ್ಪು ಅನ್ನಿಸುತ್ತದೆ.

ಅಮೆರಿಕದಲ್ಲಿ ಕಲಾವಿದರಿಗೆ ಬಾಗಿಲು ಬಹಳ ಕಿರಿದು. ಹೆಸರುವಾಸಿಯಾದವರು ಮಾನಹಾನಿ ಎಂದು ಗೆಲ್ಲಬೇಕಾದರೆ, ಬರೆದವರಿಗೆ ಅದು ಸುಳ್ಳು ಎಂದು ಗೊತ್ತಿತ್ತು ಅಥವಾ ನಿಜವೋ ಸುಳ್ಳೋ ಅನ್ನೋ ಪರಿವೆಯೇ ಇರಲಿಲ್ಲ ಎಂದು ತೋರಿಸಬೇಕು. 2017ರಲ್ಲಿ, 101ನೇ ಹುಟ್ಟುಹಬ್ಬದ ಹಿಂದಿನ ದಿನ, ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಹಳೆಯ ಹಾಲಿವುಡ್ ತಾರೆಯರ ಕಥೆ ಹೇಳುವ ಒಂದು ಟಿವಿ ಸರಣಿಯ ಮೇಲೆ ಕೇಸು ಹಾಕಿದರು. ಎಂಟು ಕಂತು, 392 ನಿಮಿಷ. ಅದರಲ್ಲಿ ಅವರ ಪಾತ್ರ ಬರುವುದು 17 ನಿಮಿಷಕ್ಕೂ ಕಡಿಮೆ. ಆ ಹೊತ್ತಿನಲ್ಲಿ ಪಾತ್ರ ತನ್ನ ತಂಗಿಯನ್ನು ಒಂದು ಕೆಟ್ಟ ಮಾತಿನಿಂದ ಕರೆಯುತ್ತದೆ. ಅವರಿಗೆ ನೋವಾದದ್ದರಲ್ಲಿ ಇದೂ ಒಂದು. 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ತೀರ್ಪು ಕೊಟ್ಟಿತು. ಎಷ್ಟೇ ದೊಡ್ಡ ತಾರೆಯಾದರೂ ಇತಿಹಾಸ ಅವರ ಸ್ವತ್ತಲ್ಲ ಅನ್ನೋದು ತೀರ್ಪಿನ ತಿರುಳು. ಮಾತು ನಿಜ. ಆದರೂ ನೂರು ವರ್ಷ ದಾಟಿದ ಒಬ್ಬ ಹೆಂಗಸು, ಆ ಕಾಲ ಕಂಡವರಲ್ಲಿ ಬದುಕುಳಿದ ಕೆಲವೇ ಮಂದಿಯಲ್ಲಿ ಒಬ್ಬರು, ನಾನು ಹಾಗೆ ಮಾತಾಡುವವಳಲ್ಲ ಎಂದು ಹೇಳಿಕೊಳ್ಳಲು ಕೋರ್ಟಿಗೆ ಹೋಗಬೇಕಾಯಿತಲ್ಲ ಅನ್ನೋದು ನನ್ನನ್ನು ಕಾಡುತ್ತದೆ.

ಭಾರತದಲ್ಲಿ ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪನ್ನೇ ಇಂಥ ಕೇಸುಗಳಲ್ಲಿ ಎತ್ತುತ್ತಾರೆ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಒಪ್ಪಿಗೆ ಇಲ್ಲದೆಯೂ ಬರೆಯಬಹುದು, ಅದರಾಚೆಗಿನ ಮನೆ, ಸಂಸಾರದ ವಿಚಾರ ಒಪ್ಪಿಗೆ ಇಲ್ಲದೆ ಬರೆದರೆ ಖಾಸಗಿತನಕ್ಕೆ ಧಕ್ಕೆ ಎಂದು ಅದು ಹೇಳಿತು. ಆ ಕೇಸು ಆತ್ಮಕಥೆಯದು. ದಾಖಲೆಯಲ್ಲೂ ಇಲ್ಲದ, ಮನೆಯಲ್ಲೂ ನಡೆಯದ, ಪೂರ್ತಿ ಕಲ್ಪನೆಯ ದೃಶ್ಯ ಈ ಗೆರೆಯ ಯಾವ ಕಡೆ ಬೀಳುತ್ತದೆ ಅನ್ನೋದು ಆ ಗೆರೆಯನ್ನಷ್ಟೇ ನೋಡಿ ಹೇಳಲಾಗದು.

'ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ' ಅನ್ನೋ ಸಾಲು ಕಾಪಾಡುತ್ತೆ ಅಂತ ಎಷ್ಟೋ ಬರಹಗಾರರು ನಂಬಿದ್ದಾರೆ. ಅದು ಸಿನಿಮಾಗಳಲ್ಲಿ ರೂಢಿಗೆ ಬಂದದ್ದೇ ಒಂದು ಕೇಸಿನ ಹೆದರಿಕೆಯಿಂದ. 1932ರ ರಾಸ್‌ಪುಟಿನ್ ಚಿತ್ರವೊಂದರಲ್ಲಿ ತನ್ನನ್ನೇ ಕೆಟ್ಟದಾಗಿ ತೋರಿಸಿದ್ದಾರೆ ಎಂದು ರಷ್ಯಾದ ರಾಜಕುಮಾರಿ ಯುಸುಪೋವ್ ಲಂಡನ್ನಿನಲ್ಲಿ ಕೇಸು ಹಾಕಿ 25,000 ಪೌಂಡ್ ಗೆದ್ದಿದ್ದರು. ಆದರೆ ಜನ ಗುರುತು ಹಿಡಿದರೆ ಆ ಸಾಲು ಏನೂ ಮಾಡಲ್ಲ. ಹೆಸರು ಬದಲಿಸುವುದೂ ಅಷ್ಟೇ. ಡಿ.ಎಚ್. ಲಾರೆನ್ಸ್ ತಮ್ಮ 'ವಿಮೆನ್ ಇನ್ ಲವ್' ಕಾದಂಬರಿಯಲ್ಲಿ ಹ್ಯಾಲಿಡೇ ಅನ್ನೋ ಪಾತ್ರವನ್ನು ಸಂಗೀತಗಾರ ಫಿಲಿಪ್ ಹೆಸೆಲ್ಟೈನ್ ಅವರನ್ನು ನೋಡಿ ಬರೆದಿದ್ದರು. 1921ರಲ್ಲಿ ಹೆಸೆಲ್ಟೈನ್ ಕೇಸಿನ ಬೆದರಿಕೆ ಹಾಕಿದರು. ಲಾರೆನ್ಸ್ ಏನು ಮಾಡಿದರು ಗೊತ್ತಾ? ಪಾತ್ರದ ಕೂದಲಿನ ಬಣ್ಣದಂಥ ವಿವರ ಬದಲಿಸಿದರು. ಪ್ರಕಾಶಕರು 50 ಪೌಂಡ್ ಕೊಟ್ಟು ಕೈತೊಳೆದುಕೊಂಡರು. ಹೆಸೆಲ್ಟೈನ್‌ಗೆ ನೋವಾದದ್ದು ಕೂದಲಿಗಾ? ಅವರು ಆಡುವ ರೀತಿ, ಪ್ರೀತಿಸುವ ರೀತಿ ನಗೆಪಾಟಲಾಗಿ ಹಾಗೇ ಉಳಿಯಿತು.

ಹಾಗಾದರೆ ಎಲ್ಲದಕ್ಕೂ ಒಪ್ಪಿಗೆ ಬೇಕಾ? ಬೇಡ. ಗ್ರುಂಡ್ಗೆನ್ಸ್ ಒಪ್ಪಿಗೆಗೆ ಕಾದಿದ್ದರೆ 'ಮೆಫಿಸ್ಟೊ' ಹುಟ್ಟುತ್ತಲೇ ಇರಲಿಲ್ಲ. ಕಲಾವಿದರು ಅಧಿಕಾರದ ಪಕ್ಕ ಕೂತಾಗ, ಶಿಷ್ಯರನ್ನು ಹಿಂಸಿಸಿದಾಗ, ಎಲ್ಲರೂ ಕಂಡೂ ಕಾಣದಂತಿರುವಾಗ, ಕಾದಂಬರಿಯೇ ಬಾಯಿ ಬಿಡುವ ಒಂದೇ ದಾರಿ ಆಗಿರಬಹುದು. ಅಲ್ಲಿ ಒಪ್ಪಿಗೆ ಕೇಳುವುದು ಅಂದರೆ ಬಾಯಿ ಮುಚ್ಚಿಸುವ ಹಕ್ಕನ್ನು ಅವರ ಕೈಗೇ ಕೊಟ್ಟ ಹಾಗೆ. ಕಲಾವಿದರು ಹತ್ತು ಜನರ ಎದುರು ನಡೆದುಕೊಂಡ ರೀತಿ ಎಲ್ಲರ ಸ್ವತ್ತು, ಅದನ್ನು ಕಾದಂಬರಿ ಎತ್ತಿಕೊಳ್ಳಲಿ. ನನ್ನ ತಕರಾರು ಇರುವುದು ಇನ್ನೊಂದು ಬಗೆಯ ಪುಸ್ತಕದ ಮೇಲೆ. ಪಾತ್ರಕ್ಕೆ ಹೊಸ ಹೆಸರು, ಆದರೆ ಚಿತ್ರಗಳು ಅವೇ, ಹಾಡುಗಳು ಅವೇ, ಪ್ರಶಸ್ತಿಯ ವರ್ಷ ಕೂಡ ಅದೇ. ನಡುವೆ ಮಾತ್ರ ಒಂದು ಕಟ್ಟಿದ ಪ್ರೇಮ, ಒಂದು ಕಟ್ಟಿದ ಸಾವು, ಅದರಿಂದಲೇ ಆ ಕೃತಿ ಹುಟ್ಟಿತು ಅನ್ನೋ ವಿವರಣೆ. ಪ್ರಚಾರದಲ್ಲಿ ಯಾರ ಕಥೆ ಎಂದು ಸನ್ನೆ ಮಾಡಿ ಹೇಳುತ್ತಾರೆ, ಕೇಸು ಬಂದಾಗ ಕಾಲ್ಪನಿಕ ಅನ್ನುತ್ತಾರೆ. ಕಲ್ಪನೆ ಬೇಕಿದ್ದರೆ ಕೃತಿಗಳನ್ನೂ ಕಲ್ಪಿಸಿ. ನಿಜವಾದ ಚಿತ್ರವನ್ನು ಹಾಗೇ ಇಟ್ಟುಕೊಂಡು ಅದರ ಹಿಂದಿನ ಕಾರಣವನ್ನು ಮಾತ್ರ ಹುಟ್ಟಿಸುವುದು ಸುಲಭದ ಕೆಲಸ, ಮತ್ತು ಅದು ಆ ಚಿತ್ರ ಬರೆದವರಿಗೆ ಮಾಡುವ ಅನ್ಯಾಯ.

ಸೋಫಿ ಕಾಲ್ ಆಮೇಲೆ ಆಸ್ಟರ್ ಅವರಿಗೆ ಇನ್ನೊಂದು ಕೋರಿಕೆ ಇಟ್ಟರು. ನನಗಾಗಿ ಒಂದು ಪಾತ್ರ ಬರೆದುಕೊಡಿ, ಒಂದು ವರ್ಷದವರೆಗೆ ಬೇಕಾದರೂ ನಾನು ಅದರಂತೆ ಬದುಕುತ್ತೇನೆ ಎಂದರು. ಆಸ್ಟರ್ ಒಪ್ಪಲಿಲ್ಲ. ಬರೆದದ್ದರಿಂದ ಅವರಿಗೆ ಏನಾದರೂ ಆದರೆ ಆ ಹೊಣೆ ತನಗೆ ಬೇಡ ಅನ್ನಿಸಿತು. ಬದಲಿಗೆ ನ್ಯೂಯಾರ್ಕಿನಲ್ಲಿ ಪಾಲಿಸಲು ಕೆಲವು ಸೂಚನೆ ಕೊಟ್ಟರು: ನಗು, ಅಪರಿಚಿತರ ಜೊತೆ ಮಾತಾಡು, ಬೀದಿಯಲ್ಲಿರುವವರಿಗೆ ತಿನ್ನಲು ಕೊಡು, ಊರಿನ ಒಂದು ಜಾಗವನ್ನು ನಿನ್ನದೇ ಎಂಬಂತೆ ನೋಡಿಕೋ. ಕಾಲ್ ಒಂದು ಟೆಲಿಫೋನ್ ಬೂತ್ ಆರಿಸಿಕೊಂಡು ಅದನ್ನು ಅಲಂಕರಿಸಿ ಇಟ್ಟರು. ಪಾತ್ರದ ಹಿಂದೆ ಒಂದು ಜೀವ ಇದೆ ಎಂಬ ಆ ಅಳುಕು ಎಲ್ಲ ಕಾದಂಬರಿಕಾರರಿಗೂ ಇರಲಿ ಅನ್ನೋದು ನನ್ನ ಆಸೆ.

ಇದೇ ಕಾಲ್ ಅವರ ಬದುಕಿನಲ್ಲಿ ಇನ್ನೊಂದು ಪ್ರಸಂಗ ಇದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಆ ವಿಳಾಸದ ಪುಸ್ತಕ ನಿಜವಾದದ್ದು. 1983ರಲ್ಲಿ ಪ್ಯಾರಿಸಿನಲ್ಲಿ ಅದು ಅವರಿಗೆ ಸಿಕ್ಕಿತ್ತು. ಪ್ರತಿ ಹಾಳೆ ನಕಲು ಮಾಡಿಕೊಂಡು ಅದನ್ನು ಒಡೆಯನಿಗೆ ವಾಪಸ್ ಕಳಿಸಿದರು. ಆಮೇಲೆ ಅದರಲ್ಲಿದ್ದವರನ್ನು ಭೇಟಿಯಾಗಿ, ಆತ ಎಂಥ ಮನುಷ್ಯ ಎಂದು ಕೇಳಿ, ಬಂದ ಉತ್ತರಗಳನ್ನು 'ಲಿಬೆರಾಸಿಯೋ' ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದರು. ಆತನೂ ಸಿನಿಮಾ ಮಾಡುವವನೇ. ಆಗ ಊರಲ್ಲಿರಲಿಲ್ಲ. ಹಿಂತಿರುಗಿ ಬಂದು ನೋಡಿದರೆ ತನ್ನ ಬದುಕು ಪತ್ರಿಕೆಯಲ್ಲಿ ಬಂದಿತ್ತು. ಸಿಟ್ಟಿನಿಂದ ಕೇಸಿನ ಬೆದರಿಕೆ ಹಾಕಿದ. ಎಲ್ಲೋ ಸಿಕ್ಕಿದ ಕಾಲ್ ಅವರ ಬೆತ್ತಲೆ ಫೋಟೋ ಒಂದನ್ನು ಹಿಡಿದುಕೊಂಡು ಬಂದು, ಇದನ್ನೂ ಅಚ್ಚು ಹಾಕಿ ಎಂದು ಪತ್ರಿಕೆಯನ್ನು ಕೇಳಿದ. ಆತ ಬದುಕಿರುವವರೆಗೆ ಅದನ್ನು ಮತ್ತೆ ಪ್ರಕಟಿಸುವುದಿಲ್ಲ ಎಂದು ಕಾಲ್ ಒಪ್ಪಿಕೊಂಡರು. ಅದು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದದ್ದು 2012ರಲ್ಲಿ, ಆತ ತೀರಿಕೊಂಡ ಮೇಲೆ.